ದೊಡ್ಡ ಫುಟ್‌ಬಾಲ್ ಕ್ಲಬ್‌ನೋರು ನಿಮ್ಮ ಅಕಾಡೆಮಿ ಹುಡುಗನ್ನ ಕೇಳ್ಕೊಂಡು ಬಂದ್ರೆ ಸಣ್ಣ ಕ್ಲಬ್‌ನೋರು ಏನ್ ಮಾಡ್ಬೇಕು

ಎಂಟೊಂಬತ್ತು ವಯಸ್ಸಿಂದ ಬೂಟ್ ಲೇಸ್ ಕಟ್ಟೋದ್ರಿಂದ ಹಿಡಿದು ಎಲ್ಲಾ ಹೇಳ್ಕೊಟ್ಟು ಬೆಳೆಸಿದ ಹುಡುಗ, ಹದಿನೈದು ಹದಿನಾರು ಆಗೋ ಹೊತ್ತಿಗೆ ದುಡ್ಡಿರೋ ಕ್ಲಬ್‌ನಿಂದ ಫೋನ್ ಬರುತ್ತೆ. ಹುಡುಗ ಹೋಗೇ ಹೋಗ್ತಾನೆ, ಹೋಗ್ಲೂಬೇಕು, ಅವನ ಕಾಲಲ್ಲಿ ಅಷ್ಟು ಶಕ್ತಿ ಇದ್ರೆ ಅದನ್ನ ಕಟ್ಹಾಕೋ ಹಕ್ಕು ಯಾರಿಗೂ ಇಲ್ಲ. ಆದ್ರೆ ಅವನು ಹೋದ್ಮೇಲೆ ನಿಮ್ಮ ಕ್ಲಬ್‌ಗೆ ಏನ್ ಉಳಿಯುತ್ತೆ ಅನ್ನೋದಿದ್ಯಲ್ಲ, ಅದು ಫೋನ್ ಬಂದ ದಿನ ತೀರ್ಮಾನ ಆಗೋದಲ್ಲ, ಅದಕ್ಕೂ ನಾಲ್ಕೈದು ವರ್ಷ ಮುಂಚೆ ನೀವು ತುಂಬಿದ ಅಥವಾ ತುಂಬದೆ ಬಿಟ್ಟ ರಿಜಿಸ್ಟ್ರೇಷನ್ ಫಾರ್ಮ್‌ನಲ್ಲೇ ಮುಗಿದುಹೋಗಿರುತ್ತೆ. ಅದಕ್ಕೇ ನಾನು ಅಲ್ಲಿಂದಾನೇ ಶುರು ಮಾಡ್ತೀನಿ.

ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ ನಿಯಮದಲ್ಲಿ ಸಾಲಿಡಾರಿಟಿ ಅಂತ ಒಂದಿದೆ. ಆಟಗಾರ ಒಂದು ದೇಶದ ಕ್ಲಬ್‌ನಿಂದ ಇನ್ನೊಂದು ದೇಶದ ಕ್ಲಬ್‌ಗೆ ದುಡ್ಡಿಗೆ ಹೋದಾಗೆಲ್ಲ ಆ ಟ್ರಾನ್ಸ್‌ಫರ್ ದುಡ್ಡಿನ 5% ಅವನನ್ನ 12ರಿಂದ 23 ವಯಸ್ಸಿನ ನಡುವೆ ತಯಾರು ಮಾಡಿದ ಕ್ಲಬ್‌ಗಳಿಗೆ ಹಂಚಿಕೆ ಆಗ್ಬೇಕು. 12ರಿಂದ 15ರವರೆಗಿನ ನಾಲ್ಕು ವರ್ಷಕ್ಕೆ ತಲಾ 0.25%, 16ರಿಂದ 23ರವರೆಗಿನ ಎಂಟು ವರ್ಷಕ್ಕೆ ತಲಾ 0.5%. ಕೇಳೋಕೆ ಚಿಲ್ಲರೆ ಥರ ಇದೆ ಅಲ್ವಾ? ಲೆಕ್ಕ ಹಾಕಿ ನೋಡಿ. ಹುಡುಗ ನಿಮ್ಮ ಹತ್ರ 12ರಿಂದ 15ರವರೆಗೆ ನಾಲ್ಕೂ ವರ್ಷ ಇದ್ದ, ಮುಂದೆ ಯಾವತ್ತೋ 2 ಕೋಟಿ ಯೂರೋಗೆ ಬೇರೆ ದೇಶಕ್ಕೆ ಹೋದ ಅಂದ್ಕೊಳ್ಳಿ, ನಿಮ್ಮ ಪಾಲು 1%, ಅಂದ್ರೆ 2 ಲಕ್ಷ ಯೂರೋ. ಸಣ್ಣ ಕ್ಲಬ್‌ಗೆ ಇದು ವರ್ಷಗಟ್ಟಲೆ ಕೋಚ್‌ಗಳ ಸಂಬಳ. ಮತ್ತೆ ಇದು ಒಂದೇ ಸಲ ಬಂದು ಮುಗಿಯೋದಲ್ಲ, ಅವನು ಹಾಗೆ ಮಾರಾಟ ಆದಾಗೆಲ್ಲ ಬರುತ್ತೆ.

ಈಗ ಇದೇ ಹುಡುಗ 12ಕ್ಕೇ ನಿಮ್ಮಲ್ಲಿ ಆಡೋಕೆ ಶುರು ಮಾಡಿದ್ದ, ಆದ್ರೆ 'ಇನ್ನೂ ಚಿಕ್ಕೋನು, ಆಮೇಲೆ ಮಾಡ್ಸಿದ್ರಾಯ್ತು' ಅಂತ ದೇಶದ ಫುಟ್‌ಬಾಲ್ ಫೆಡರೇಷನ್‌ನಲ್ಲಿ ಹೆಸರು ನೋಂದಾಯಿಸಿದ್ದು 14ಕ್ಕೆ. ಎರಡು ವರ್ಷ ಹೋಯ್ತು, 1 ಲಕ್ಷ ಯೂರೋ ಹೋಯ್ತು, ಆ ಎರಡು ವರ್ಷ ಮಳೆಯಲ್ಲಿ ನಿಂತು ಅವನಿಗೆ ಎಡಗಾಲಲ್ಲಿ ಪಾಸ್ ಮಾಡೋದು ಕಲಿಸಿದ ಕೋಚ್‌ನ ಕೆಲಸ ಕಾಗದದ ಮೇಲೆ ನಡೆದೇ ಇಲ್ಲ ಅಂತಾಯ್ತು. ಫೋಟೋ ಇದೆ, ವಿಡಿಯೋ ಇದೆ, ಊರೆಲ್ಲ ಸಾಕ್ಷಿ ಇದೆ ಅಂತ ಆಮೇಲೆ ಒದ್ದಾಡೋದು ತುಂಬಾ ಕಷ್ಟದ ದಾರಿ, ಯಾಕಂದ್ರೆ ಲೆಕ್ಕ ನಡೆಯೋದು ಫೆಡರೇಷನ್‌ನ ಎಲೆಕ್ಟ್ರಾನಿಕ್ ರಿಜಿಸ್ಟ್ರೇಷನ್ ಮತ್ತೆ ಅದರಿಂದ ತಯಾರಾಗೋ ಆಟಗಾರನ ಪಾಸ್‌ಪೋರ್ಟ್ ಮೇಲೆ, ಅಂದ್ರೆ ಅವನು ಯಾವಾಗ ಯಾವ ಕ್ಲಬ್‌ನಲ್ಲಿದ್ದ ಅನ್ನೋ ದಾಖಲೆ ಮೇಲೆ. ಹಾಗಾಗಿ ಇವತ್ತೇ ಕೂತು 12 ವಯಸ್ಸಾಗಿರೋ, ಆಗ್ತಿರೋ ಪ್ರತಿ ಹುಡುಗನ ಹೆಸರು, ಹುಟ್ಟಿದ ದಿನ, ಸೇರಿದ ದಿನ ತೆಗೆದು ನೋಡಿ. ಬರ್ತ್ ಸರ್ಟಿಫಿಕೇಟ್‌ನಲ್ಲಿರೋ ಸ್ಪೆಲ್ಲಿಂಗೇ ಫಾರ್ಮ್‌ನಲ್ಲೂ ಇದ್ಯಾ ಅಂತ ಅಕ್ಷರ ಅಕ್ಷರ ಹಿಡಿದು ನೋಡಿ, ಒಂದೇ ಹುಡುಗ ಎರಡು ಸ್ಪೆಲ್ಲಿಂಗ್‌ನಲ್ಲಿ ಇಬ್ಬರಾಗಿ ಕೂತಿರ್ತಾನೆ. ವರ್ಷದ ಮಧ್ಯೆ ಬಂದ್ರೆ ಅಥವಾ ಬಿಟ್ರೆ ಅಷ್ಟು ಅವಧಿಗೆ ಮಾತ್ರ ಪಾಲು ಸಿಗೋದು, ಆದ್ರಿಂದ ತಾರೀಖು ಅಂದಾಜಲ್ಲಿ ಬರೀಬೇಡಿ.

ಇನ್ನೊಂದು ದುಡ್ಡು ಟ್ರೇನಿಂಗ್ ಕಾಂಪೆನ್ಸೇಷನ್, ಅಂದ್ರೆ ಹುಡುಗನ್ನ ತಯಾರು ಮಾಡಿದ ಖರ್ಚಿಗೆ ಸಿಗೋ ಪರಿಹಾರ. ಹುಡುಗ ಮೊದಲ ಸಲ ಪ್ರೊಫೆಷನಲ್ ಆಗಿ ಬೇರೆ ದೇಶದ ಕ್ಲಬ್‌ಗೆ ರಿಜಿಸ್ಟರ್ ಆದಾಗ, ಆಮೇಲೆ 23 ವಯಸ್ಸು ತುಂಬೋ ಕ್ಯಾಲೆಂಡರ್ ವರ್ಷ ಮುಗಿಯೋವರೆಗೆ ದೇಶ ದಾಟಿ ಟ್ರಾನ್ಸ್‌ಫರ್ ಆದಾಗೆಲ್ಲ ಇದು ಬರುತ್ತೆ. ಫಿಫಾ ಕ್ಲಬ್‌ಗಳನ್ನ ದರ್ಜೆ ಮಾಡಿಟ್ಟಿದೆ, ಯುರೋಪಿನಲ್ಲಿ ಮೊದಲ ದರ್ಜೆಗೆ ವರ್ಷಕ್ಕೆ 90,000 ಯೂರೋ, ಕೊನೆಯ ದರ್ಜೆಗೆ 10,000. 12ರಿಂದ 15ರ ವರ್ಷಗಳಿಗೆ ಮಾತ್ರ ಕೊನೆಯ ದರ್ಜೆ ರೇಟೇ ಹಿಡೀತಾರೆ. ಇಲ್ಲಿ ಸಣ್ಣ ಕ್ಲಬ್‌ಗಳು ಎಡವೋ ಜಾಗ ಒಂದಿದೆ, ಯುರೋಪಿಯನ್ ಯೂನಿಯನ್ ಒಳಗೆ ಹುಡುಗ ಹೋಗ್ತಿದ್ರೆ ನೀವು ಅವನಿಗೆ ಕಾಂಟ್ರಾಕ್ಟ್ ಆಫರ್ ಕೊಟ್ಟಿರ್ಬೇಕು, ಈಗಿರೋ ಕಾಂಟ್ರಾಕ್ಟ್ ಮುಗಿಯೋಕೆ ಕಮ್ಮಿ ಅಂದ್ರೂ 60 ದಿನ ಮುಂಚೆ, ಬರವಣಿಗೆಯಲ್ಲಿ, ಈಗ ಕೊಡ್ತಿರೋದಕ್ಕಿಂತ ಕಮ್ಮಿ ಇರದ ಹಾಗೆ. 'ಹೇಗೂ ಹೋಗ್ತಾನಲ್ಲ, ಯಾಕೆ ಆಫರ್ ಕೊಡೋದು' ಅಂತ ಸುಮ್ನಿದ್ರೆ, ನಿಮಗೆ ಆ ಹುಡುಗ ಬೇಕಾಗಿರ್ಲಿಲ್ಲ ಅಂತ ಹೇಳಿ ದೊಡ್ಡ ಕ್ಲಬ್‌ನೋರು ಕೈತೊಳ್ಕೊಳ್ಳೋಕೆ ದಾರಿ ಆಗುತ್ತೆ. ಹೋಗೋದು ಗ್ಯಾರಂಟಿ ಇದ್ರೂ ಆಫರ್ ಕೊಡಿ, ಕಳಿಸಿದ ದಾಖಲೆ ಇಟ್ಕೊಳ್ಳಿ.

ಇದೆಲ್ಲ ದೇಶ ದಾಟಿದಾಗ. ನಿಮ್ಮ ದೇಶದೊಳಗೇ ಇನ್ನೊಂದು ಕ್ಲಬ್‌ಗೆ ಹೋದ್ರೆ ಆ ದೇಶದ ನಿಯಮ, ಅಲ್ಲಿ ಕೆಲವೊಮ್ಮೆ ತುಂಬಾ ಅನ್ಯಾಯ ಇರುತ್ತೆ. ಇಂಗ್ಲೆಂಡ್‌ನಲ್ಲಿ 2012ರಲ್ಲಿ ಎಲೀಟ್ ಪ್ಲೇಯರ್ ಪರ್ಫಾರ್ಮೆನ್ಸ್ ಪ್ಲಾನ್ ಅನ್ನೋ ಅಕಾಡೆಮಿ ಯೋಜನೆ ಬಂದಾಗ ಚಿಕ್ಕ ಹುಡುಗರನ್ನ ತಗೊಳ್ಳೋ ಕ್ಲಬ್ ಹಳೇ ಕ್ಲಬ್‌ಗೆ ಕೊಡ್ಬೇಕಾದ ದುಡ್ಡಿಗೆ ಫಿಕ್ಸ್ ರೇಟ್ ಮಾಡಿದ್ರು, 9ರಿಂದ 11ರ ವಯಸ್ಸಿನ ಗುಂಪಿಗೆ ವರ್ಷಕ್ಕೆ 3,000 ಪೌಂಡ್, ಅದಕ್ಕಿಂತ ಮೇಲೆ ಅಕಾಡೆಮಿಯ ದರ್ಜೆ ನೋಡ್ಕೊಂಡು 12,500ರಿಂದ 40,000. ಬ್ರೆಂಟ್‌ಫರ್ಡ್ ಕ್ಲಬ್ ತನ್ನ ಇಬ್ಬರು ಹುಡುಗರನ್ನ ಮ್ಯಾಂಚೆಸ್ಟರ್‌ನ ಎರಡು ಕ್ಲಬ್‌ಗಳಿಗೆ ತಲಾ 30,000 ಪೌಂಡ್ ಆಸುಪಾಸಿಗೆ ಕಳ್ಕೊಂಡು 2016ರಲ್ಲಿ ಅಕಾಡೆಮಿಗೇ ಬೀಗ ಹಾಕ್ತು, ಮತ್ತೆ ತೆರೆದಿದ್ದು 2022ರಲ್ಲಿ. ನನಗೆ ಈ ಸುದ್ದಿ ಓದಿದಾಗೆಲ್ಲ ನೆನಪಾಗೋದು ಆ ಇಬ್ಬರಲ್ಲ, ಬೀಗ ಹಾಕಿದ ದಿನ ಬ್ಯಾಗ್ ಹಿಡ್ಕೊಂಡು ಮನೆಗೆ ಹೋದ ಉಳಿದ ಹುಡುಗರು.

ಹಾಗಿದ್ರೂ ಮಾತಾಡೋಕೆ ಜಾಗ ಇರುತ್ತೆ, ಮಾತಾಡೋದಕ್ಕೆ ಕೂತಾಗ ಮೊದಲು ಕೊಡೋ ದುಡ್ಡಿನ ಹಿಂದೆ ಬೀಳ್ಬೇಡಿ, ಸೆಲ್ ಆನ್ ಕೇಳಿ. ಅಂದ್ರೆ ಆ ಕ್ಲಬ್ ಮುಂದೆ ಹುಡುಗನ್ನ ಮಾರಿದಾಗ ಅದರಲ್ಲಿ ಇಂತಿಷ್ಟು ಪಾಲು ನಮಗೆ ಅಂತ. 2010ರಲ್ಲಿ ಕ್ವೀನ್ಸ್ ಪಾರ್ಕ್ ರೇಂಜರ್ಸ್‌ನಿಂದ 15 ವರ್ಷದ ರಹೀಮ್ ಸ್ಟರ್ಲಿಂಗ್ ಲಿವರ್‌ಪೂಲ್‌ಗೆ ಹೋದಾಗ ಅವರು 20% ಸೆಲ್ ಆನ್ ಹಾಕಿಸ್ಕೊಂಡಿದ್ರು. 2015ರಲ್ಲಿ ಮ್ಯಾಂಚೆಸ್ಟರ್ ಸಿಟಿ ಅವನನ್ನ 4.4 ಕೋಟಿ ಪೌಂಡ್‌ಗೆ, ಮೇಲೆ ಇನ್ನೂ 50 ಲಕ್ಷದವರೆಗೆ ಸೇರೋ ಹಾಗೆ ಕೊಂಡ್ಕೊಂಡಾಗ ಹಳೇ ಕ್ಲಬ್‌ನ ಪಾಲಿಗೆ 80 ಲಕ್ಷ ಪೌಂಡ್‌ಗೂ ಮೇಲೆ ಬಂತು. ಐದು ವರ್ಷದ ಹಿಂದಿನ ಒಂದೇ ಒಂದು ಸಾಲಿನ ಬೆಲೆ ಅದು.

ಆ ಸಾಲನ್ನ ಹೇಗೆ ಬರೆಸ್ಬೇಕು ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಎಲ್ಲಾ ಇರೋದು ಅಲ್ಲೇ. '20% ಕೊಡ್ತೀವಿ' ಅಂತಾರೆ, ಯಾವುದರ 20%? ಪೂರ್ತಿ ಮಾರಾಟದ ಮೊತ್ತದ್ದಾ ಅಥವಾ ಲಾಭದ್ದಾ? ಲಾಭ ಅಂದ್ರೆ ಅವರು ನಿಮಗೆ ಕೊಟ್ಟಿದ್ದನ್ನ ಕಳೀತಾರೆ, ಅದು ಸರಿ, ಆದ್ರೆ ಏಜೆಂಟ್ ಫೀಸು, ಸೈನಿಂಗ್ ಬೋನಸ್ಸು ಅಂತ ಇನ್ನೇನೇನೋ ಕಳೆಯೋಕೆ ಬಿಡ್ಬೇಡಿ, ಕಳೆಯೋದು ಏನೇನು ಅಂತ ಅಲ್ಲೇ ಹೆಸರಿಸಿ ಬರೆಸಿ. ಹುಡುಗನ್ನ ಸ್ವಲ್ಪ ಕಾಲಕ್ಕೆ ಬೇರೆ ಕ್ಲಬ್‌ಗೆ ಲೋನ್‌ಗೆ ಕೊಟ್ಟಾಗ ಬರೋ ಫೀ ಸೇರುತ್ತಾ? ಅದಲು ಬದಲು ಮಾಡ್ಕೊಂಡ್ರೆ, ಹುಡುಗನ್ನ ಕೊಟ್ಟು ಇನ್ನೊಬ್ಬನ್ನ ತಗೊಂಡ್ರೆ, ಅವನ ಬೆಲೆ ಯಾರು ಕಟ್ಟೋದು? ಇದಿಲ್ಲದೆ ಹೋದ್ರೆ ಕಾಗದದ ಮೇಲೆ ಅವನ ಬೆಲೆ ಸೊನ್ನೆ ಆಗ್ಬಿಡುತ್ತೆ. ಆಮೇಲೆ ಪಂದ್ಯದ ಲೆಕ್ಕದಲ್ಲಿ ಬರೋ ದುಡ್ಡು, 10 ಪಂದ್ಯಕ್ಕೆ ಇಷ್ಟು 25ಕ್ಕೆ ಇಷ್ಟು ಅಂತ, ಅದರಲ್ಲಿ ಸಬ್ಸ್ಟಿಟ್ಯೂಟ್ ಆಗಿ ಕೊನೇ ಐದು ನಿಮಿಷ ಇಳಿದ್ರೂ ಒಂದು ಪಂದ್ಯ ಅಂತ ಸ್ಪಷ್ಟವಾಗಿ ಇರ್ಲಿ, ಲೀಗ್ ಜೊತೆ ಕಪ್ ಪಂದ್ಯಗಳೂ ಸೇರ್ಲಿ. ಮತ್ತೆ ಎರಡು ವರ್ಷ ಬಿಟ್ಟು ನಿಮಗೆ ದುಡ್ಡಿನ ಬಿಗಿ ಇರೋ ಹೊತ್ತು ನೋಡಿ 'ಆ ಸೆಲ್ ಆನ್ ಬಿಟ್ಕೊಡಿ, ಈಗ್ಲೇ ಒಂದಷ್ಟು ಕೊಡ್ತೀವಿ' ಅಂತ ಬರ್ತಾರೆ. ಅವರು ಹಾಗೆ ಕೇಳ್ತಿದ್ದಾರೆ ಅಂದ್ರೆ ಹುಡುಗ ಚೆನ್ನಾಗಿ ಆಡ್ತಿದ್ದಾನೆ ಅಂತ ಅರ್ಥ, ದಯವಿಟ್ಟು ಆತುರ ಪಡ್ಬೇಡಿ.

ಮಾತುಕತೆ ಮುರಿದ್ರೆ ಎಷ್ಟು ದುಡ್ಡು ಅಂತ ತೀರ್ಮಾನ ಮಾಡೋಕೆ ಕೆಲವು ದೇಶಗಳಲ್ಲಿ ಟ್ರಿಬ್ಯೂನಲ್ ಇದೆ. ಫುಲ್‌ಹ್ಯಾಮ್‌ನಿಂದ ಲಿವರ್‌ಪೂಲ್‌ಗೆ 2019ರಲ್ಲಿ ಹೋದ ಹಾರ್ವೆ ಎಲಿಯಟ್ ವಿಷಯ ಅಲ್ಲಿಗೇ ಹೋಗಿ, 2021ರಲ್ಲಿ ಮೊದಲಿಗೆ 12 ಲಕ್ಷ ಪೌಂಡ್, ಮುಂದೆ 43 ಲಕ್ಷದವರೆಗೂ ಏರೋ ಹಾಗೆ ತೀರ್ಮಾನ ಆಯ್ತು. ಸುಮಾರು ಒಂದೂವರೆ ವರ್ಷ ಹಿಡೀತು. ಅಷ್ಟು ದಿನ ಕಾಯೋ ಶಕ್ತಿ ನಿಮ್ಮ ಕ್ಲಬ್‌ಗಿದ್ಯಾ ಅಂತ ನೋಡ್ಕೊಳ್ಳಿ.

ಕೆಲವರು ನಿಮ್ಮ ಹತ್ರ ಬರೋದೇ ಇಲ್ಲ, ನೇರವಾಗಿ ಅಪ್ಪ ಅಮ್ಮನ ಹತ್ರ ಹೋಗ್ತಾರೆ, ಮ್ಯಾಚ್ ಟಿಕೆಟ್ಟು, ಸ್ಕೂಲ್ ಫೀಸು, ಹೊಸ ಮನೆ ಅಂತೆಲ್ಲ ಆಸೆ ತೋರಿಸ್ತಾರೆ. ಸ್ಟೋಕ್ ಸಿಟಿ ಅಕಾಡೆಮಿಯ ಹುಡುಗನ್ನ ಹೀಗೆ ನಿಯಮ ಮೀರಿ ಸಂಪರ್ಕ ಮಾಡಿದ್ದಕ್ಕೆ 2017ರಲ್ಲಿ ಲಿವರ್‌ಪೂಲ್‌ಗೆ 1 ಲಕ್ಷ ಪೌಂಡ್ ದಂಡ ಬಿತ್ತು, ಬೇರೆ ಲೀಗ್ ಕ್ಲಬ್‌ಗಳ ಅಕಾಡೆಮಿ ಹುಡುಗರನ್ನ ತಗೊಳ್ಳೋ ಹಾಗಿಲ್ಲ ಅಂತ ನಿಷೇಧಾನೂ ಬಿತ್ತು. ಅಂಥದ್ದು ನಡೀತಿದೆ ಅನ್ಸಿದ್ರೆ ಯಾರು, ಯಾವತ್ತು, ಎಲ್ಲಿ, ಏನ್ ಹೇಳಿದ್ರು ಅಂತ ಬರೆದಿಟ್ಕೊಂಡು ಲೀಗ್‌ಗೆ ದೂರು ಕೊಡಿ. ಆದ್ರೆ ಆ ಸಿಟ್ಟನ್ನ ಮಾತ್ರ ಹುಡುಗನ ಮೇಲೆ ತೀರಿಸ್ಕೋಬೇಡಿ, ರಿಜಿಸ್ಟ್ರೇಷನ್ ತಡೆಹಿಡಿದು ಹನ್ನೆರಡು ಹದಿಮೂರು ವರ್ಷದ ಮಗು ಎಲ್ಲೂ ಆಡೋಕಾಗದೆ ಒಂದು ಸೀಸನ್ ಬೆಂಚ್ ಮೇಲೂ ಇಲ್ಲ ಮೈದಾನದಲ್ಲೂ ಇಲ್ಲ ಅನ್ನೋ ಹಾಗೆ ಮಾಡಿದ್ರೆ, ಎಷ್ಟೇ ನಿಯಮ ನಿಮ್ಮ ಕಡೆ ಇದ್ರೂ ನಾನಂತೂ ಅದನ್ನ ಒಪ್ಪಲ್ಲ.

ಮನೆಯವರ ಜೊತೆ ನೀವೇ ಮೊದಲು ಕೂತು ಮಾತಾಡಿ. 18ಕ್ಕಿಂತ ಚಿಕ್ಕೋರನ್ನ ಬೇರೆ ದೇಶಕ್ಕೆ ಟ್ರಾನ್ಸ್‌ಫರ್ ಮಾಡೋ ಹಾಗಿಲ್ಲ ಅನ್ನೋದು ಫಿಫಾದ ಮೂಲ ನಿಯಮ. ಕೆಲವೇ ವಿನಾಯಿತಿ ಇದೆ, ಅಪ್ಪ ಅಮ್ಮ ಫುಟ್‌ಬಾಲ್‌ಗೆ ಸಂಬಂಧ ಇಲ್ಲದ ಕಾರಣಕ್ಕೆ ಆ ದೇಶಕ್ಕೆ ಹೋಗಿದ್ರೆ, ಯುರೋಪಿಯನ್ ಯೂನಿಯನ್ ಒಳಗೆ 16 ತುಂಬಿದ್ರೆ, ಗಡಿಯ ಹತ್ರಾನೇ ಮನೆ ಇದ್ರೆ, ಹೀಗೆ. 'ಅಪ್ಪನಿಗೆ ಅಲ್ಲೇ ಒಂದು ಕೆಲಸ ಕೊಡಿಸ್ತೀವಿ, ಆಮೇಲೆ ಎಲ್ಲಾ ಸರಿಹೋಗುತ್ತೆ' ಅಂತ ಯಾರಾದ್ರೂ ಅಂದ್ರೆ ಎಚ್ಚರ. ಬಾರ್ಸಿಲೋನಾದಂಥ ಕ್ಲಬ್ಬೇ ಮಕ್ಕಳ ವಿಷಯದಲ್ಲಿ ನಿಯಮ ಮುರಿದು 2014ರಲ್ಲಿ ಎರಡು ಟ್ರಾನ್ಸ್‌ಫರ್ ವಿಂಡೋ, ಅಂದ್ರೆ ಹೊಸ ಆಟಗಾರರನ್ನ ಸೇರಿಸ್ಕೊಳ್ಳೋಕೆ ಬಿಡೋ ಎರಡು ಅವಧಿ, ನಿಷೇಧ ಹಾಕಿಸ್ಕೊಂಡಿದೆ. ಮನೆಯವರು ಆ ಕಡೆಯೋರನ್ನ ಕೇಳ್ಬೇಕಾದ್ದು ಸಂಬಳಕ್ಕಿಂತ ಮುಂಚೆ ಬೇರೆ: ಓದು ಎಲ್ಲಿ, ರಾತ್ರಿ ಯಾರ ಮನೆಯಲ್ಲಿ ಮಲಗೋದು, ಮಂಡಿ ಪೆಟ್ಟಾಗಿ ಆರು ತಿಂಗಳು ಕೂತ್ರೆ ಯಾರು ನೋಡ್ಕೊಳ್ತಾರೆ, ಎರಡು ವರ್ಷ ಆದ್ಮೇಲೆ ಬೇಡ ಅಂದ್ರೆ ಏನು. ಉತ್ತರ ಬಾಯಲ್ಲಿ ಬೇಡ, ಬರೆದು ಕೊಡ್ಲಿ. 18ರೊಳಗೆ ಮೂರು ವರ್ಷಕ್ಕಿಂತ ಉದ್ದದ ಕಾಂಟ್ರಾಕ್ಟ್ ಮಾಡೋ ಹಾಗಿಲ್ಲ ಅನ್ನೋದನ್ನೂ ಅವರಿಗೆ ಹೇಳಿ.

'ಈಗ್ಲೇ ದುಡ್ಡು ಕೊಡ್ತೀನಿ, ಹುಡುಗನ ಮುಂದಿನ ಮಾರಾಟದಲ್ಲಿ ನನಗೆ ಪಾಲು ಕೊಡಿ' ಅಂತ ಬರೋ ಹೊರಗಿನೋರ ಜೊತೆ ಸಹಿ ಹಾಕ್ಬೇಡಿ, 2015ರ ಮೇ ತಿಂಗಳಿಂದ ಫಿಫಾ ಅದನ್ನ ನಿಷೇಧ ಮಾಡಿದೆ.

ಹುಡುಗ ಹೋದ್ಮೇಲೆ ಫೈಲ್ ಕಟ್ಟಿ ಅಟ್ಟಕ್ಕೆ ಹಾಕ್ಬೇಡಿ. 2022ರ ನವೆಂಬರ್‌ನಿಂದ ಫಿಫಾ ಕ್ಲಿಯರಿಂಗ್ ಹೌಸ್ ಶುರುವಾಗಿ ಈ ಪಾಲಿನ ದುಡ್ಡು ಅದರ ಮೂಲಕಾನೇ ಹಂಚಿಕೆ ಆಗ್ತಿದೆ, ಆದ್ರೂ ನಿಮ್ಮ ಹೆಸರು ಆಟಗಾರನ ಪಾಸ್‌ಪೋರ್ಟ್‌ನಲ್ಲಿ ಬಂದಿದ್ಯಾ ಅಂತ ನೀವೇ ನಿಮ್ಮ ಫೆಡರೇಷನ್‌ನ ಕೇಳ್ಬೇಕು. ಬಿಟ್ಟುಹೋಗಿದ್ರೆ ಪರಿಶೀಲನೆಗೆ ಕೊಡೋ ದಿನಗಳಲ್ಲೇ ಹೇಳ್ಬೇಕು. ಬ್ಯಾಂಕ್ ದಾಖಲೆ, ಕ್ಲಬ್‌ನ ರಿಜಿಸ್ಟ್ರೇಷನ್ ಪೇಪರ್ ಎಲ್ಲಾ ಸರಿ ಇದ್ರೇನೇ ಅವರ ತಪಾಸಣೆ ಪಾಸ್ ಆಗಿ ದುಡ್ಡು ಕೈಗೆ ಬರೋದು. ಅದಕ್ಕೆ ಕ್ಲಬ್‌ನಲ್ಲಿ ಒಬ್ಬರನ್ನ ಇದಕ್ಕೇ ಅಂತ ಗೊತ್ತು ಮಾಡಿ, ಪ್ರತಿ ಟ್ರಾನ್ಸ್‌ಫರ್ ವಿಂಡೋ ಮುಗಿದ ವಾರ ನಿಮ್ಮಲ್ಲಿ ಆಡಿ ಹೋದ ಹುಡುಗರ ಪಟ್ಟಿ ಮುಂದಿಟ್ಕೊಂಡು ಯಾರು ಎಲ್ಲಿಗೆ ಹೋದ್ರು ಅಂತ ಒಂದೊಂದೇ ಹೆಸರು ನೋಡ್ಲಿ. ಎಲ್ಲಿದ್ದಾನೆ ಅಂತ ಗೊತ್ತಾಗದ ಹುಡುಗನಿಗೆ ಫೋನ್ ಮಾಡಿ ಕೇಳಿ, ಮಂಡಿ ಹೇಗಿದೆ ಅಂತಾನೂ ಕೇಳಿ.