ಹಾಡಿನ ಆಲ್ಬಂಗೆ ವ್ಯಂಗ್ಯಚಿತ್ರಕಾರ ಮುಖಪುಟ ಬರೆಯುವ ಬಗೆ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿಗಳ ಕಡೆ ಭಾವಗೀತೆ ಹಾಡುವವರೂ ಡೊಳ್ಳಿನ ತಂಡದವರೂ ಈಗ ಕ್ಯಾಸೆಟ್ ಕಂಪನಿಯ ಬಾಗಿಲು ಕಾಯದೆ ತಮ್ಮ ಹಾಡುಗಳನ್ನು ತಾವೇ ಧ್ವನಿಮುದ್ರಿಸಿ ಇಂಟರ್ನೆಟ್ಟಿಗೆ ಏರಿಸುತ್ತಾರೆ. ಮುಖಪುಟಕ್ಕೆ ಮಾತ್ರ ಗಾಯಕರ ಫೋಟೊ, ಅದರ ಹಿಂದೆ ಜೋಗದ ಜಲಪಾತ ಎಂಬುದು ಬಹುತೇಕ ಖಾಯಂ ಆಗಿದೆ. ಪತ್ರಿಕೆಗಳಿಗೆ ವ್ಯಂಗ್ಯಚಿತ್ರ ಬರೆದು ಕೈ ಪಳಗಿರುವವರು ಈ ಕೆಲಸವನ್ನು ಇದಕ್ಕಿಂತ ಚೆನ್ನಾಗಿ ಮಾಡಬಲ್ಲರು.

ಇದಕ್ಕೆ ಒಳ್ಳೆಯ ಮೇಲ್ಪಂಕ್ತಿ ಅಮೆರಿಕದ ವ್ಯಂಗ್ಯಚಿತ್ರಕಾರ ರಾಬರ್ಟ್ ಕ್ರಂಬ್. ಅಲ್ಲಿ ಗ್ರಾಮಫೋನ್ ಆಲ್ಬಂಗಳ ಬರಿಯ ರಟ್ಟಿನ ಮೇಲೆ ಚಿತ್ರ ಮೂಡಿಸುವ ರೂಢಿಯನ್ನು 1940ರಲ್ಲಿ ಕೊಲಂಬಿಯಾ ಕಂಪನಿಯ ಅಲೆಕ್ಸ್ ಸ್ಟೈನ್‌ವೈಸ್ ಆರಂಭಿಸಿದ್ದರು. ಕ್ರಂಬ್ 1968ರಲ್ಲಿ ಜಾನಿಸ್ ಜಾಪ್ಲಿನ್ ಹಾಡುತ್ತಿದ್ದ ಬಿಗ್ ಬ್ರದರ್ ತಂಡದ 'ಚೀಪ್ ಥ್ರಿಲ್ಸ್' ಆಲ್ಬಂಗೆ ಚಿತ್ರ ಬರೆದರು. ನಡುವೆ ಒಂದು ವೃತ್ತ, ಸುತ್ತಲೂ ಕಾಮಿಕ್ಸ್ ಚೌಕಟ್ಟುಗಳು, ಅವುಗಳಲ್ಲಿ ಹಾಡುಗಳಿಗೂ ತಂಡದವರಿಗೂ ಒಂದೊಂದು ಚಿತ್ರ, ಅಕ್ಷರಗಳೆಲ್ಲ ಕೈಬರಹ. ಹಿಂಬದಿಗೆಂದು ಬರೆದಿದ್ದ ಆ ಪುಟ ಜಾಪ್ಲಿನ್‌ಗೆ ಮೆಚ್ಚುಗೆಯಾಗಿ ಮುಂಬದಿಗೆ ಬಂತು. ಹಳೆಯ 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಗಳನ್ನು ಸಂಗ್ರಹಿಸುವ, ಸ್ವತಃ ಬ್ಯಾಂಜೊ ನುಡಿಸುವ ಕ್ರಂಬ್ ಮುಂದೆ ಹಳೆಯ ಬ್ಲೂಸ್ ಸಂಗೀತದ ಮರುಮುದ್ರಣಗಳಿಗೂ ಮುಖಪುಟ ಬರೆದರು. ಅವರಿಂದ ನಾವು ಕಲಿಯಬೇಕಾದದ್ದು ಗೆರೆಯ ಶೈಲಿಯನ್ನಲ್ಲ, ಅದನ್ನು ಅನುಕರಿಸಿದರೆ ನಗೆಪಾಟಲಾಗುತ್ತದೆ; ಹಾಡುವವರ ಮುಖಕ್ಕಿಂತ ಮೊದಲು ಹಾಡನ್ನು ಬರೆಯುವ ಕ್ರಮವನ್ನು ಕಲಿಯಬೇಕು.

ಆದ್ದರಿಂದ ಮೊದಲು ಧ್ವನಿಮುದ್ರಿಕೆಯನ್ನು ತರಿಸಿಕೊಂಡು, ಪೆನ್ಸಿಲ್ ಮುಟ್ಟದೆ ಪೂರ್ತಿ ಕೇಳಿ. ಎರಡನೆಯ ಸಲ ಕೇಳುವಾಗ ಪ್ರತಿಯೊಂದು ಹಾಡಿಗೂ ಅಂಗೈಯಗಲದ ಒಂದು ಚೌಕ ಹಾಕಿಕೊಂಡು, ಹಾಡಿನಲ್ಲಿ ಕಣ್ಣಿಗೆ ಕಟ್ಟುವ ಒಂದೇ ಒಂದು ಸಂಗತಿಯನ್ನು ಅದರೊಳಗೆ ರಫ್ ಆಗಿ ಮೂಡಿಸಿ. ಮಳೆಯ ಹಾಡೆಂದರೆ ಮೋಡ, ಗುಡ್ಡ, ಮಂಜು ಎಂದು ಕೈ ತಾನಾಗಿ ಓಡುತ್ತದೆ. ಅದನ್ನು ತಡೆದು, ಗೊರಬು ಹೊದ್ದು ಗದ್ದೆಯಲ್ಲಿ ಬಾಗಿರುವ ಹೆಂಗಸಿನ ಬೆನ್ನನ್ನು ಬರೆದರೆ ಮಳೆ ಅದರಲ್ಲೇ ಬಂದಿರುತ್ತದೆ. ಎಂಟು ಹಾಡುಗಳಿದ್ದರೆ ಎಂಟು ಚೌಕಗಳಾಗುತ್ತವೆ.

ಇಲ್ಲಿಂದ ಮುಂದೆ ಕ್ರಂಬ್ ದಾರಿಯನ್ನು ಬಿಡಬೇಕಾಗುತ್ತದೆ. ಅವರ ಚಿತ್ರಕ್ಕೆ ಹನ್ನೆರಡು ಅಂಗುಲಕ್ಕೂ ಹೆಚ್ಚು ಅಗಲದ ಎಲ್‌ಪಿ, ಅಂದರೆ ದೊಡ್ಡ ಗ್ರಾಮಫೋನ್ ತಟ್ಟೆಯ, ರಟ್ಟು ಸಿಕ್ಕಿತ್ತು. ನಮ್ಮ ಚಿತ್ರ ಮೊಬೈಲಿನ ಪಟ್ಟಿಯಲ್ಲಿ ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಕುಳಿತಿರುತ್ತದೆ. ಎಂಟು ಚೌಕಗಳ ಫೋಟೊ ತೆಗೆದು, ಆ ಗಾತ್ರಕ್ಕೆ ಇಳಿಸಿ, ಕೈ ನೀಡಿ ಹಿಡಿದು ನೋಡಿ. ಅಷ್ಟು ಚಿಕ್ಕದಾದ ಮೇಲೂ ಏನೆಂದು ತಿಳಿಯುವ ಚಿತ್ರವನ್ನೇ ಮುಖಪುಟಕ್ಕೆ ಆರಿಸಿ. ಉಳಿದವು ವ್ಯರ್ಥವಲ್ಲ, ಹಾಡುಗಳನ್ನು ಒಂದೊಂದಾಗಿ ಬಿಡುಗಡೆ ಮಾಡುವಾಗ ಅವಕ್ಕೆ ಬೇರೆ ಬೇರೆ ಮುಖಪುಟ ಬೇಕೇ ಬೇಕು.

ತಂಡದವರನ್ನೇ ಬರೆಯಬೇಕೆಂದು ಒತ್ತಾಯ ಬಂದರೆ ಉತ್ಪ್ರೇಕ್ಷೆಯನ್ನು ಮೂಗಿನ ಮೇಲೆ ಪ್ರಯೋಗಿಸಬೇಡಿ. ರಾಜಕಾರಣಿಯ ಮೂಗನ್ನು ಉದ್ದ ಮಾಡಿ ಬದುಕಿದ ಕೈಗೆ ಇದು ಕಷ್ಟವೇ. ಡೊಳ್ಳು ಬಾರಿಸುವವನನ್ನು ಗಮನಿಸಿ: ಡೊಳ್ಳನ್ನು ಮೈಗೆ ಬಿಗಿದು ಕಟ್ಟಿರುತ್ತಾನೆ, ಒಂದು ಮಗ್ಗುಲಿಗೆ ಕೋಲಿನ ಪೆಟ್ಟು, ಇನ್ನೊಂದು ಮಗ್ಗುಲಿಗೆ ಅಂಗೈಯ ಪೆಟ್ಟು, ಅಷ್ಟು ಭಾರ ಹೊತ್ತೂ ಕುಣಿಯಬೇಕಾದ್ದರಿಂದ ಸೊಂಟ ಹಿಂದಕ್ಕೆ ವಾಲಿ, ಮಂಡಿ ಮಡಿಸಿರುತ್ತದೆ. ಡೊಳ್ಳನ್ನು ಆಳಿಗಿಂತ ದೊಡ್ಡದು ಮಾಡಿ, ಪಾದಗಳನ್ನು ನೆಲದಿಂದ ಒಂದು ಗೇಣು ಎತ್ತಿ, ಬೆನ್ನನ್ನು ಬಿಲ್ಲಿನಂತೆ ಬಗ್ಗಿಸಿದರೆ ತಾಳ ಚಿತ್ರದಲ್ಲೇ ಕೇಳಿಸುತ್ತದೆ, ಯಾರ ಮನಸ್ಸೂ ನೋಯುವುದಿಲ್ಲ.

ಹೆಸರನ್ನು ಕಂಪ್ಯೂಟರ್ ಫಾಂಟಿನಲ್ಲಿ ಅಂಟಿಸದೆ ಚಿತ್ರದ ಗೆರೆಯಲ್ಲೇ ಬರೆಯಿರಿ. ಒತ್ತಕ್ಷರಗಳು ಸಾಲಿನ ಕೆಳಗೂ ಗುಡಿಸು, ಏತ್ವಗಳು ಮೇಲಕ್ಕೂ ಚಾಚುವುದರಿಂದ ಕನ್ನಡದ ಹೆಸರಿಗೆ ಎತ್ತರದಲ್ಲಿ ಹೆಚ್ಚು ಜಾಗ ಬೇಕು, ಅದನ್ನು ರಫ್‌ನಲ್ಲೇ ಬಿಟ್ಟುಕೊಳ್ಳಬೇಕು. ಚಿಕ್ಕ ಗಾತ್ರದಲ್ಲಿ 'ಷ'ದ ಒಳಗೆರೆ ಕೂಡಿಹೋಗಿ ಅದು 'ಪ'ದಂತೆ ಕಾಣುವುದರಿಂದ ಅಕ್ಷರದ ಹೊಟ್ಟೆಯನ್ನು ಅಗಲವಾಗಿಡಿ. ಕವಿ, ಸಂಯೋಜಕ, ತಬಲಾ, ಕೊಳಲು ಎಂದು ಎಲ್ಲರ ಹೆಸರನ್ನೂ ಮುಂಬದಿಗೆ ತುರುಕುವ ಬೇಡಿಕೆ ಬರುತ್ತದೆ; ಅವೆಲ್ಲ ವಿವರಣೆಯಲ್ಲಿ ಇರಲಿ.

ಮಳೆಗಾಲದಲ್ಲಿ ಶಾಯಿಯ ಕೆಲಸ ಮಾಡುವವರು ಕಾಗದದ ಕಡೆ ವಿಶೇಷ ಗಮನ ಕೊಡಬೇಕು. ಆಗುಂಬೆ, ಹೊಸನಗರದ ಕಡೆ ಆಷಾಢದಲ್ಲಿ ಹಾಳೆ ತೇವ ಕುಡಿದು ಮೆತ್ತಗಾಗಿ, ನಿಬ್ಬಿನಿಂದ ಎಳೆದ ಇಂಡಿಯನ್ ಇಂಕಿನ ಗೆರೆ ಅಂಚಿನಲ್ಲಿ ಹರಡಿ ಜೇಡನ ಕಾಲುಗಳಂತೆ ಕಾಣುತ್ತದೆ. ಬಚ್ಚಲೊಲೆಯ ಹತ್ತಿರ ಒಣಗಿಸಿ ಎಂದು ಮನೆಯವರು ಹೇಳಿದರೆ ಕೇಳಬೇಡಿ, ಹೊಗೆಗೆ ಹಾಳೆ ಹಳದಿಯಾಗುತ್ತದೆ. ದಪ್ಪನೆಯ ನಯವಾದ ಹಾಳೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಕಬ್ಬಿಣದ ಟ್ರಂಕಿನಲ್ಲಿಟ್ಟು, ಬೇಕಾದಷ್ಟನ್ನೇ ಹೊರತೆಗೆದು, ಬರೆಯುವ ಮೊದಲು ಸ್ವಲ್ಪ ಹೊತ್ತು ಟೇಬಲ್ ಲ್ಯಾಂಪಿನ ಕೆಳಗಿಟ್ಟರೆ ಗೆರೆ ನೆಟ್ಟಗೆ ನಿಲ್ಲುತ್ತದೆ.

ಎ4 ಸ್ಕ್ಯಾನರಿನ ಅಗಲ ಸಾಮಾನ್ಯವಾಗಿ ಎಂಟೂವರೆ ಅಂಗುಲವಷ್ಟೇ ಇರುವುದರಿಂದ ಮೂಲಚಿತ್ರವನ್ನು ಎಂಟು ಅಂಗುಲದ ಚೌಕದಲ್ಲಿ ಬರೆಯಿರಿ. ಅದನ್ನು 600 ಡಿಪಿಐನಲ್ಲಿ, ಅಂದರೆ ಅಂಗುಲಕ್ಕೆ 600 ಚುಕ್ಕೆಯಂತೆ, ಸ್ಕ್ಯಾನ್ ಮಾಡಿದರೆ 4800 ಪಿಕ್ಸೆಲ್ ಸಿಗುತ್ತದೆ. ಹಾಡು ಏರಿಸಿಕೊಡುವ ಸಂಸ್ಥೆಗಳು ಸಾಮಾನ್ಯವಾಗಿ ಕೇಳುವ 3000 ಪಿಕ್ಸೆಲ್‌ಗೂ, ಮುಂದೆಂದಾದರೂ ಎಲ್‌ಪಿ ಮುದ್ರಿಸಿದರೆ ಅದಕ್ಕೂ ಇದು ಸಾಕು. ಬಣ್ಣ ಮೂರು ನಾಲ್ಕಕ್ಕಿಂತ ಹೆಚ್ಚು ಬೇಡ. ಸಾಗರ, ಸೊರಬದ ದೀವರ ಸಮುದಾಯದವರು ಮನೆಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರ ಕೆಮ್ಮಣ್ಣು, ಅಕ್ಕಿಹಿಟ್ಟಿನ ಬಿಳಿ, ಕಪ್ಪು, ತುಸು ಹಳದಿಯಲ್ಲೇ ಎಷ್ಟು ಎದ್ದು ಕಾಣುತ್ತದೆಂದು ಒಮ್ಮೆ ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಫೋನ್ ನಂಬರು, ಬೆಲೆ, ಜಾಲತಾಣದ ವಿಳಾಸ ಚಿತ್ರದಲ್ಲಿದ್ದರೆ ಸಂಸ್ಥೆಗಳು ತಿರಸ್ಕರಿಸುತ್ತವೆ.

ಹಣದ ಮಾತನ್ನು ರಫ್ ತೋರಿಸುವ ಮೊದಲೇ ಮುಗಿಸಿ, ಬರಹದಲ್ಲಿಡಿ. ಪರಿಚಯದವರ ಹತ್ತಿರ ಕಾಗದ ಕೇಳುವುದು ನಮ್ಮ ಕಡೆ ದಾಕ್ಷಿಣ್ಯದ ವಿಷಯ. ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಸೆಕ್ಷನ್ ಪ್ರಕಾರ, ಹಣ ಪಡೆದು ಇನ್ನೊಬ್ಬರ ಕೋರಿಕೆಯ ಮೇಲೆ ಬರೆದ ವರ್ಣಚಿತ್ರಕ್ಕೆ ಅಥವಾ ಭಾವಚಿತ್ರಕ್ಕೆ, ಬೇರೆ ಒಪ್ಪಂದವಿಲ್ಲದಿದ್ದರೆ, ಬರೆಸಿದವರೇ ಮೊದಲ ಹಕ್ಕುದಾರರಾಗುತ್ತಾರೆ. ಮೂಲಚಿತ್ರ ಬರೆದವರಲ್ಲೇ ಉಳಿಯುತ್ತದೆ, ಬಳಕೆ ಈ ಆಲ್ಬಂಗೆ ಮಾತ್ರ, ಟಿ-ಶರ್ಟಿಗೋ ಬ್ಯಾನರಿಗೋ ಹಾಕುವುದಾದರೆ ಪ್ರತ್ಯೇಕ ಸಂಭಾವನೆ, ಆಲ್ಬಂ ವಿವರಣೆಯಲ್ಲಿ ಚಿತ್ರಕಾರರ ಹೆಸರು ಇರತಕ್ಕದ್ದು ಎಂಬ ನಾಲ್ಕು ಮಾತುಗಳನ್ನು ಒಂದು ಇಮೇಲಿನಲ್ಲಿ ಬರೆದು, ಅತ್ತ ಕಡೆಯಿಂದ ಒಪ್ಪಿಗೆಯ ಉತ್ತರ ಬಂದ ಮೇಲೆ ಶಾಯಿಯ ಬಾಟಲಿಯ ಮುಚ್ಚಳ ತೆಗೆಯಿರಿ.