ಮಂಡಿ ನೋವು ಬಂದ ಮೇಲೆ ವಿಡಿಯೊ ನೋಡೋದನ್ನು ಕಲಿತೆ

ಮನೆಯಲ್ಲೇ ವ್ಯಾಯಾಮ ಶುರು ಮಾಡಿದಾಗ ನಾನು ಆರಿಸಿಕೊಂಡದ್ದು 4 ನಿಮಿಷದ ಟಬಾಟಾ ವಿಡಿಯೊ. ನಾಲ್ಕೇ ನಿಮಿಷ ಅಲ್ವಾ ಅಂದುಕೊಂಡೆ. 20 ಸೆಕೆಂಡ್ ಮಾಡಬೇಕು, 10 ಸೆಕೆಂಡ್ ಬಿಡುವು, ಹೀಗೆ 8 ಸುತ್ತು. ಈ ಲೆಕ್ಕಕ್ಕೆ ಹೆಸರು ಬಂದಿದ್ದು ಜಪಾನಿನ ಸಂಶೋಧಕ ಇಝುಮಿ ಟಬಾಟಾ ಅವರಿಂದ. ಅವರು ಅದನ್ನು ಪರೀಕ್ಷಿಸಿದ್ದು ಆಟೋಟದಲ್ಲಿ ಪಳಗಿದ ಯುವಕರ ಮೇಲೆ, ಅದೂ ಸೈಕಲ್ ಯಂತ್ರದಲ್ಲಿ, ಪೂರ್ತಿ ಸುಸ್ತಾಗುವಷ್ಟು ವೇಗದಲ್ಲಿ. ನನ್ನಂಥ ಹೊಸಬರಿಗೆ ಅಲ್ಲವೇ ಅಲ್ಲ. ಇದು ಗೊತ್ತಾಗಿದ್ದು ಆಮೇಲೆ.

ಮೊದಮೊದಲು ತೊಡೆ ಹಿಡಿದುಕೊಂಡಿತ್ತು. ಅದು ಸಹಜ, ಮೂರ್ನಾಲ್ಕು ದಿನದಲ್ಲಿ ಹೋಯಿತು. ಆದರೆ ಎಡ ಮಂಡಿಯ ನೋವು ಎರಡು ವಾರವಾದರೂ ಹೋಗಲಿಲ್ಲ. ಫಿಸಿಯೋಥೆರಪಿಸ್ಟ್ ಬಳಿ ಹೋದೆ. "ನೀವು ಮಾಡೋದನ್ನ ಒಮ್ಮೆ ರೆಕಾರ್ಡ್ ಮಾಡಿ ನೋಡಿ" ಎಂದರು.

ಎದುರಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ ರೆಕಾರ್ಡ್ ಮಾಡಿದೆ. ಸ್ಕ್ವಾಟ್‌ಗೆ (ಬಸ್ಕಿ ಹೊಡೆದಂತೆ) ಕೂರುವಾಗ ಎಡ ಮಂಡಿ ಒಳಗೆ ವಾಲುತ್ತಿತ್ತು. ಹಿಮ್ಮಡಿ ನೆಲ ಬಿಟ್ಟು ಏಳುತ್ತಿತ್ತು. ಕತ್ತು ಪಕ್ಕಕ್ಕೆ ತಿರುಗಿತ್ತು, ವಿಡಿಯೊ ಓಡುತ್ತಿದ್ದ ಫೋನ್ ಅಲ್ಲಿ ಮೂಲೆಯಲ್ಲಿತ್ತಲ್ಲ! ಟ್ರೇನರ್ ವೇಗಕ್ಕೆ ಸರಿಗಟ್ಟುವ ಆತುರದಲ್ಲಿ ನನ್ನ ಕಾಲಿನ ಕಡೆ ಗಮನವೇ ಇರಲಿಲ್ಲ.

ಅಲ್ಲಿಂದ ಕ್ರಮ ಬದಲಾಯಿಸಿದೆ. ಹೊಸ ವಿಡಿಯೊ ಸಿಕ್ಕರೆ ಮೊದಲು ಸುಮ್ನೆ ಕೂತು ಪೂರ್ತಿ ನೋಡುತ್ತೇನೆ. ಎರಡನೇ ಸಲ ನಿಲ್ಲಿಸಿ ನಿಲ್ಲಿಸಿ ಒಂದೊಂದೇ ಚಲನೆ ಕಲಿಯುತ್ತೇನೆ. ಮೂರನೇ ಸಲದಿಂದ ಪರದೆ ನೋಡೋದು ಕಡಿಮೆ, ದನಿ ಕೇಳಿದರೆ ಸಾಕು. ಸ್ಕ್ವಾಟ್‌ಗೆ ಹಿಂದೆ ಕುರ್ಚಿ ಇಟ್ಟು, ಅದಕ್ಕೆ ಹಿಂಭಾಗ ತಾಗಿದ ಕೂಡಲೇ ಏಳುತ್ತೇನೆ. ಟ್ರೇನರ್ ಇಪ್ಪತ್ತು ಮಾಡುವಷ್ಟರಲ್ಲಿ ನನ್ನದು ಹನ್ನೆರಡು. ಜಿಗಿಯುವ ಕಡೆ ಕಾಲು ಪಕ್ಕಕ್ಕಿಟ್ಟು ಹೆಜ್ಜೆ ಹಾಕುತ್ತೇನೆ. ವಾರ್ಮ್ ಅಪ್ ಇಲ್ಲದ ವಿಡಿಯೊ ಆದರೆ ಮುಂಚೆ ಐದು ನಿಮಿಷ ನಾನೇ ಮಾಡಿಕೊಳ್ಳುತ್ತೇನೆ.

ದಿನಕ್ಕೊಂದು ಹೊಸ ವಿಡಿಯೊ ಹುಡುಕುವುದನ್ನೂ ಬಿಟ್ಟೆ. ಆರು ವಾರ ಎರಡೇ ವಿಡಿಯೊ. ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮ, ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅರ್ಧ ಗಂಟೆಯಂತೆ ಐದು ದಿನ ಮಾಡಿದರೆ ಆ 150 ನಿಮಿಷ ಆಗಿಬಿಡುತ್ತದೆ. ನಡಿಗೆಯನ್ನೂ ನಾನು ಅದರಲ್ಲೇ ಸೇರಿಸಿಕೊಳ್ಳುತ್ತೇನೆ.

ಈಗ ಮಂಡಿ ನೋವಿಲ್ಲ. ಕಳೆದ ವಾರ ಮತ್ತೆ ರೆಕಾರ್ಡ್ ಮಾಡಿ ನೋಡಿದೆ. ಹಿಮ್ಮಡಿ ನೆಲದಲ್ಲೇ ಗಟ್ಟಿಯಾಗಿ ನಿಂತಿದೆ. ಆದರೆ ಹದಿನೈದನೇ ಸ್ಕ್ವಾಟ್ ಹೊತ್ತಿಗೆ ಎಡ ಮಂಡಿ ಇನ್ನೂ ಸ್ವಲ್ಪ ಒಳಗೆ ವಾಲುತ್ತದೆ. ಅದಕ್ಕೇ ಸದ್ಯಕ್ಕೆ ಹನ್ನೆರಡಕ್ಕೇ ನಿಲ್ಲಿಸುತ್ತಿದ್ದೇನೆ.