ಹೊಸಬರಿಗೆ ಮಾರ್ಗದರ್ಶಿ: ಹುಲ್ಲು ಕತ್ತರಿಸುವ ಗಾಡಿ ಹತ್ತುವ ಮುಂಚೆ

ಅಪಾರ್ಟ್‌ಮೆಂಟ್ ಬಿಟ್ಟು ಸ್ವಂತ ಮನೆಗೆ ಹೋದವರನ್ನು ನಮ್ಮ ಕನ್ನಡ ಕೂಟದಲ್ಲಿ ಹಳಬರು ಮೊದಲು ಕೇಳೋದು ಮನೆಗೆ ಎಷ್ಟು ರೂಮು ಅಂತ ಅಲ್ಲ, ಲಾನ್ ಎಷ್ಟು ದೊಡ್ಡದು ಅಂತ. ಅಮೆರಿಕದ ಒಹಾಯೋದಲ್ಲಿ ಊರಿನಿಂದ ಸ್ವಲ್ಪ ಆಚೆ ಹೋದರೆ ಅರ್ಧ ಎಕರೆ ಜಾಗ ಸಾಮಾನ್ಯ. ಅಂದರೆ 20 ಗುಂಟೆ. ಬೆಂಗಳೂರಿನ ಲೆಕ್ಕದಲ್ಲಿ 30-40 ಸೈಟು ಹದಿನೆಂಟು! ಮನೆ ನೋಡಲು ಹೋದ ದಿನ ಈ ಲೆಕ್ಕ ಹಾಕಿ ನಾನೂ ಬೀಗಿದ್ದೆ, ಊರಿಗೆ ಫೋಟೋ ಕಳಿಸಿದ್ದೆ. ಮೇ ತಿಂಗಳು ಬಂದಾಗ ಗೊತ್ತಾಯಿತು, ಹದಿನೆಂಟು ಸೈಟಿನಲ್ಲಿ ಬೆಳೆಯೋದು ಬರೀ ಹುಲ್ಲು, ತಿನ್ನೋಕೆ ಒಂದು ಹಸುನೂ ಇಲ್ಲ. ಬಿಟ್ಟರೆ ಬಡಾವಣೆ ಸಂಘದಿಂದ ಪತ್ರ ಬರುತ್ತದೆ. ಇನ್ನೂ ಬಿಟ್ಟರೆ ಊರಿನ ಆಡಳಿತದಿಂದ ಬರುತ್ತದೆ. ಮೊದಲ ವರ್ಷ ನನಗೆ ಎರಡೂ ಬಂದವು.

ಆಮೇಲೆ ರೈಡಿಂಗ್ ಮೋವರ್, ಅಂದರೆ ಕೂತು ಓಡಿಸುವ ಹುಲ್ಲು ಕತ್ತರಿಸುವ ಗಾಡಿ, ತಗೊಂಡೆ. ಅದರಿಂದ ಕಲಿತದ್ದನ್ನು, ಕಲಿಯುವಾಗ ಬಿದ್ದದ್ದನ್ನು ಇಲ್ಲಿ ಬರೆದಿದ್ದೇನೆ. ಕೂಟದ ಇನ್ನು ಮೂವರು ಓದಿ ತಿದ್ದಿದ್ದಾರೆ.

ಯಾವುದು ಕೊಳ್ಳಬೇಕು

ಕಾಲು ಎಕರೆ ಒಳಗಿದ್ದರೆ ತಳ್ಳುವ ಮೋವರ್ ಸಾಕು, ವ್ಯಾಯಾಮನೂ ಆಗುತ್ತದೆ. ಅರ್ಧ ಎಕರೆ ಮೇಲಿದ್ದರೆ ಕೂತು ಓಡಿಸುವುದು. ಸ್ಟೀರಿಂಗ್ ಇರುವುದು ಲಾನ್ ಟ್ರ್ಯಾಕ್ಟರ್. ಎರಡು ಹಿಡಿಕೆ ಹಿಡಿದು ನಿಂತಲ್ಲೇ ತಿರುಗಿಸುವುದು ಜೀರೋ ಟರ್ನ್. ಹೊಸಬರಿಗೆ ಲಾನ್ ಟ್ರ್ಯಾಕ್ಟರ್ ಒಳ್ಳೆಯದು, ಇಳಿಜಾರು ಇದ್ದರಂತೂ ಅದೇ. ಜಾನ್ ಡಿಯರ್, ಹಸ್ಕ್ವಾರ್ನಾ, ಕಬ್ ಕೆಡೆಟ್, ಟೋರೋ ಯಾವುದಾದರೂ ಆಗಬಹುದು. ಇದರ ಬಗ್ಗೆ ಕೂಟದಲ್ಲಿ ಜಗಳಗಳೇ ಆಗಿವೆ, ನಾನು ತಲೆ ಹಾಕಲ್ಲ. ಡೆಕ್, ಅಂದರೆ ಗಾಡಿ ಕೆಳಗೆ ಬ್ಲೇಡನ್ನು ಮುಚ್ಚಿರುವ ಕವಚ, 42 ಇಂಚು ಅಗಲ ಇದ್ದರೆ ಸಾಕು. ಆದರೆ ಅಂಗಡಿಗೆ ಹೋಗುವ ಮುಂಚೆ ಹಿತ್ತಲಿನ ಬೇಲಿ ಗೇಟಿನ ಅಗಲ ಅಳೆಯಿರಿ. ನಾನು ಅಳೆಯಲಿಲ್ಲ. ಗಾಡಿ ಬಂದ ದಿನವೇ ಗೇಟು ಕಿತ್ತೆ.

ಮೈಮೇಲೆ ಏನಿರಬೇಕು

ಮುಚ್ಚಿದ ಶೂ. ಹವಾಯಿ ಚಪ್ಪಲಿ ಅಲ್ಲ.
ಉದ್ದ ಪ್ಯಾಂಟು. ಲುಂಗಿ, ಪಂಚೆ, ದುಪಟ್ಟಾ ಬೇಡ.
ಕಣ್ಣಿಗೆ ಸೇಫ್ಟಿ ಕನ್ನಡಕ.
ಕಿವಿಗೆ ಮಫ್.
ಮುಗಿದ ಮೇಲೆ ಕಾಲು, ಸೊಂಟ ನೋಡಿಕೊಳ್ಳಿ. ಇಲ್ಲಿನ ಉಣ್ಣಿಯೂ ಸಾಧು ಅಲ್ಲ, ಕಚ್ಚಿದರೆ ಕಾಯಿಲೆ ಬರಬಹುದು.

ಮೊದಲು ಒಂದು ಸುತ್ತು ನಡೆಯಿರಿ

ಡೆಕ್ಕಿನ ಕೆಳಗಿನ ಬ್ಲೇಡಿನ ತುದಿ ಗಂಟೆಗೆ 300 ಕಿ.ಮೀ. ಸನಿಹದ ವೇಗದಲ್ಲಿ ತಿರುಗುತ್ತದೆ. ಅದಕ್ಕೆ ಸಿಕ್ಕಿದ ಜಲ್ಲಿಕಲ್ಲು, ಹುಲ್ಲು ಹೊರಬರುವ ಪಕ್ಕದ ಬಾಯಿಂದ ಗುಂಡಿನ ಹಾಗೆ ಹಾರುತ್ತದೆ. ಅದಕ್ಕೇ ಆ ಬಾಯಿಗೆ ಪ್ಲಾಸ್ಟಿಕ್ ಮುಚ್ಚಳ ಕೊಟ್ಟಿರೋದು. ಹುಲ್ಲು ಸಿಕ್ಕಿಕೊಳ್ಳುತ್ತದೆ ಅಂತ ಅದನ್ನು ಕಿತ್ತು ಹಾಕಬೇಡಿ. ಆ ಬಾಯಿಯನ್ನು ಮನೆ, ಕಾರು, ರಸ್ತೆ ಕಡೆ ತಿರುಗಿಸಲೂಬೇಡಿ.

ಮಕ್ಕಳ ಆಟದ ಸಾಮಾನು, ನೀರಿನ ಪೈಪು, ನಾಯಿ ಬಿಟ್ಟ ಮೂಳೆ ಎಲ್ಲ ಎತ್ತಿಡಿ. ಸ್ಪ್ರಿಂಕ್ಲರ್ ತಲೆ, ಮರದ ಬೇರು, ಸೆಪ್ಟಿಕ್ ಟ್ಯಾಂಕಿನ ಮುಚ್ಚಳ ಎಲ್ಲಿವೆ ಅಂತ ನೆನಪಿಟ್ಟುಕೊಳ್ಳಿ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ನೆಲದಲ್ಲಿ ಒಂದು ತೂತು, ಅದರಲ್ಲಿ ಹಳದಿ ಕಣಜಗಳ ಓಡಾಟ ಕಂಡರೆ ಆ ಕಡೆ ಗಾಡಿ ಬೇಡವೇ ಬೇಡ. ಇಲ್ಲಿನ ಯೆಲ್ಲೋ ಜ್ಯಾಕೆಟ್ ನೆಲದೊಳಗೆ ಗೂಡು ಕಟ್ಟುತ್ತದೆ, ಮೇಲೆ ಗಾಡಿ ಅದುರಿದರೆ ಎದ್ದು ಬರುತ್ತದೆ. ಸೇಬಿನ ಮರದ ಬುಡದಲ್ಲಿ ನನಗೆ ಹನ್ನೊಂದು ಕಡೆ ಕಚ್ಚಿದವು. ಗಾಡಿ ಬಿಟ್ಟು ಓಡಿದ್ದನ್ನು ಪಕ್ಕದ ಮನೆಯವರು ಇವತ್ತಿಗೂ ನೆನಪಿಸುತ್ತಾರೆ.

ಶುರು ಮಾಡುವುದು

ಕೂತು ಬ್ರೇಕ್ ಒತ್ತಿ, ಬ್ಲೇಡಿನ ಸ್ವಿಚ್ ಆಫ್ ಇದೆಯಾ ನೋಡಿ, ಚೋಕ್ ಎಳೆದು ಕೀ ತಿರುಗಿಸಿ. ಎಂಜಿನ್ ಹಿಡಿದ ಮೇಲೆ ಚೋಕ್ ಒಳಗೆ. ಎಂಜಿನ್ ವೇಗ ಹೆಚ್ಚು ಕಮ್ಮಿ ಮಾಡುವ ಥ್ರಾಟಲ್ ಮೇಲೆ ಒಂದು ಮೊಲ, ಒಂದು ಆಮೆ ಚಿತ್ರ ಇರುತ್ತದೆ. ನಮ್ಮವರು ಪೆಟ್ರೋಲ್ ಉಳಿಸೋಣ ಅಂತ ಆಮೆ ಹತ್ತಿರ ಇಟ್ಟು ಹುಲ್ಲು ಕತ್ತರಿಸುತ್ತಾರೆ. ತಪ್ಪು. ಕತ್ತರಿಸುವಾಗ ಮೊಲ. ಎಂಜಿನ್ ತಣ್ಣಗಿರಲು ಬೇಕಾದ ಗಾಳಿ ಬರೋದೂ ಎಂಜಿನ್ ತಿರುಗುವ ವೇಗದಿಂದಲೇ. ನಿಧಾನ ಹೋಗಬೇಕು ಅಂದರೆ ಕಾಲಿನ ಪೆಡಲ್ ಕಮ್ಮಿ ಒತ್ತಿ.

ಹುಲ್ಲನ್ನು 3ರಿಂದ 3.5 ಇಂಚು ಬಿಡಿ. ಒಂದು ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೆಯಬೇಡಿ. ಚಿನ್ನಸ್ವಾಮಿ ಸ್ಟೇಡಿಯಂ ಥರ ಕಾಣಬೇಕು ಅಂತ ಬೋಳಿಸಿದವರ ಲಾನ್ ಜುಲೈನಲ್ಲಿ ಕಂದು ಬಣ್ಣಕ್ಕೆ ತಿರುಗಿದ್ದನ್ನು ಕೂಟದ ಎಲ್ಲರೂ ನೋಡಿದ್ದಾರೆ. ಹೆಸರು ಹೇಳಲ್ಲ.

ಸೀಟಿನ ಸ್ವಿಚ್

ಬ್ಲೇಡ್ ತಿರುಗುವಾಗ ಸೀಟಿನಿಂದ ಎದ್ದರೆ ಎಂಜಿನ್ ಆಫ್ ಆಗುತ್ತದೆ. ಸೀಟಿನ ಕೆಳಗೆ ಒಂದು ಸ್ವಿಚ್ ಇರುತ್ತದೆ. ಗುಂಡಿಯಲ್ಲಿ ಗಾಡಿ ಎಗರಿದಾಗ ಒಮ್ಮೊಮ್ಮೆ ಸುಮ್ನೆ ಆಫ್ ಆಗಿ ಸಿಟ್ಟು ಬರಿಸುತ್ತದೆ. ಆಗ ಯಾರಾದರೂ ಒಬ್ಬರು ಬುದ್ಧಿವಂತರು ಸಿಕ್ಕೇ ಸಿಗುತ್ತಾರೆ: "ಎರಡು ವೈರು ಸೇರಿಸಿಬಿಡು, ತಲೆನೋವೇ ಇರಲ್ಲ." ನನಗೂ ಒಬ್ಬ ಗೆಳೆಯ ಹೇಳಿದ. ಶನಿವಾರ ಬಂದು ಮಾಡಿಕೊಡ್ತೀನಿ ಅಂದ. ಅದಕ್ಕೆ ಎರಡು ದಿನ ಮುಂಚೆ, ಗುರುವಾರ, ನಾನು ಚರಂಡಿಗೆ ಬಿದ್ದೆ.

ಇಳಿಜಾರು

ನಮ್ಮ ಮನೆ ಮುಂದೆ ರಸ್ತೆ ಬದಿಗೆ ಹುಲ್ಲು ಬೆಳೆದ ಚರಂಡಿ ಇದೆ. ಇಲ್ಲಿ ಬಹಳ ಮನೆಗಳ ಮುಂದೆ ಇದೆ. ಆಫೀಸಿಗೆ ಹೋಗುವ ಮುಂಚೆ ಮುಗಿಸೋಣ ಅಂತ ಬೆಳಗ್ಗೆ ಏಳಕ್ಕೆ ಹತ್ತಿದೆ. ಇಬ್ಬನಿ ಇತ್ತು. ಚರಂಡಿ ದಂಡೆ ಮೇಲೆ ಅಡ್ಡಡ್ಡ ಹೋಗುತ್ತಿದ್ದೆ. ಹಿಂದಿನ ಚಕ್ರ ಜಾರಿತು, ಆಮೇಲೆ ಮುಂದಿನದು. ಜೋರಾಗಿ ಅಲ್ಲ, ಎಮ್ಮೆ ಕೆರೆಗೆ ಇಳಿದ ಹಾಗೆ ನಿಧಾನವಾಗಿ. ಸ್ಟೀರಿಂಗ್ ತಿರುಗಿಸಿದೆ, ಗಾಡಿ ಕೇಳಲಿಲ್ಲ. ನಾನು ಮೇಲುಗಡೆಗೆ ಜಿಗಿದೆ. ಎಂಜಿನ್ ಒಂದು ಸಲ ಕೆಮ್ಮಿ ನಿಂತಿತು. ಗಾಡಿ ಪಕ್ಕಕ್ಕೆ ವಾಲಿಕೊಂಡಿತ್ತು, ಡೆಕ್ಕಿನ ಒಂದು ಅಂಚು ಮೇಲೆದ್ದಿತ್ತು. ನನ್ನ ಎಡಗಾಲು ಅದರಿಂದ ಒಂದು ಮೊಳ ದೂರ. ಆ ಸ್ವಿಚ್ ಇಲ್ಲದಿದ್ದರೆ? ಶನಿವಾರ ಗೆಳೆಯ ಬಂದ. ಕಾಫಿ ಕೊಟ್ಟು ಕಳಿಸಿದೆ.

ಆದ್ದರಿಂದ:

15 ಡಿಗ್ರಿಗಿಂತ ಜಾಸ್ತಿ ಇಳಿಜಾರಿನಲ್ಲಿ ರೈಡಿಂಗ್ ಮೋವರ್ ಬೇಡ. 10 ಅಡಿ ಮುಂದೆ ಹೋದರೆ ಸುಮಾರು 2 ಅಡಿ 8 ಇಂಚು ಇಳಿದರೆ ಅದು 15 ಡಿಗ್ರಿ. ನೆಲದ ಮೇಲೆ ಒಂದು ಹಲಗೆ ಹಾಕಿ, ಅದರ ಮೇಲೆ ಫೋನ್ ಇಟ್ಟು ಲೆವೆಲ್ ಆ್ಯಪ್‌ನಲ್ಲಿ ನೋಡಬಹುದು. ನಿಮ್ಮ ಮ್ಯಾನುಯಲ್ ಇನ್ನೂ ಕಮ್ಮಿ ಹೇಳಿದ್ದರೆ ಅದನ್ನೇ ಕೇಳಿ.

ಲಾನ್ ಟ್ರ್ಯಾಕ್ಟರನ್ನು ಇಳಿಜಾರಿನಲ್ಲಿ ಮೇಲೆ ಕೆಳಗೆ ಓಡಿಸಬೇಕು, ಅಡ್ಡ ಅಲ್ಲ. ತಳ್ಳುವ ಮೋವರ್ ಇದಕ್ಕೆ ಉಲ್ಟಾ: ಅಡ್ಡಕ್ಕೇ ಹೋಗಬೇಕು, ಇಲ್ಲದಿದ್ದರೆ ನೀವು ಜಾರಿದಾಗ ಅದು ನಿಮ್ಮ ಕಾಲ ಮೇಲೆ ಬರುತ್ತದೆ. ಈ ಎರಡನ್ನೂ ಅದಲುಬದಲು ಮಾಡಿಕೊಳ್ಳುವವರೇ ಜಾಸ್ತಿ.

ಇಳಿಜಾರಿನ ನಡುವೆ ತಿರುಗಬೇಡಿ, ನಿಂತು ಮತ್ತೆ ಹೊರಡಬೇಡಿ. ಚಕ್ರ ಜಾರಿದರೆ ಬ್ಲೇಡ್ ಆಫ್ ಮಾಡಿ ನೆಟ್ಟಗೆ ಕೆಳಗೆ ಬನ್ನಿ. ಹುಲ್ಲು ಒದ್ದೆ ಇದ್ದರೆ ಆ ದಿನ ಬೇಡ. ಪತ್ರ ಬಂದರೆ ಬರಲಿ. ಚರಂಡಿ, ಕೊಳ, ಕಲ್ಲಿನ ಗೋಡೆ ಅಂಚನ್ನು ಸ್ಟ್ರಿಂಗ್ ಟ್ರಿಮ್ಮರ್‌ಗೆ ಬಿಡಿ. ನಮ್ಮ ಮಲೆನಾಡಿನ ಕಡೆಯವರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ, ಅಡಿಕೆ ತೋಟದಲ್ಲಿ ವೀಡ್ ಕಟರ್ ಹಿಡಿದವರೇ ಅಲ್ವಾ.

ಮಕ್ಕಳು

ಇದೊಂದು ಭಾಗ ಓದದೆ ಬಿಡಬೇಡಿ.

ನಾವೆಲ್ಲ ಟ್ರ್ಯಾಕ್ಟರ್ ಮಡ್‌ಗಾರ್ಡ್ ಮೇಲೆ ಕೂತು ಬೆಳೆದವರು. ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ಒಂದು ಸುತ್ತು ಹಾಕಿಸೋದು ನಮಗೆ ಪ್ರೀತಿ. ಊರಿನಿಂದ ಬಂದ ತಾತನಿಗಂತೂ ಮೊಮ್ಮಗನನ್ನು ಕೂರಿಸಿಕೊಂಡ ಫೋಟೋ ಬೇಕೇ ಬೇಕು. ಅಲ್ಲಿ ಕೂತದ್ದು ಬ್ಲೇಡಿನ ಮೇಲಲ್ಲ, ಇಲ್ಲಿ ಬ್ಲೇಡ್ ಕಾಲಡಿಯಲ್ಲೇ ಇದೆ. ಬ್ಲೇಡ್ ಆಫ್ ಇದ್ದರೂ ಕೂರಿಸಬೇಡಿ. ಇವತ್ತು ಕೂತ ಮಗು ನಾಳೆ ಗಾಡಿ ಸದ್ದು ಕೇಳಿದ ಕೂಡಲೇ ಓಡಿ ಬರುತ್ತದೆ, ಬ್ಲೇಡ್ ಆನ್ ಇದೆಯಾ ಆಫ್ ಇದೆಯಾ ಅಂತ ಅದಕ್ಕೇನು ಗೊತ್ತು?

ನಮ್ಮ ಮನೆಯಲ್ಲಿ ನಡೆದದ್ದು ಇದು. ಮಗಳಿಗೆ ನಾಲ್ಕು ವರ್ಷ. ಬಿಸಿಲು ಜೋರಾಗಿತ್ತು. ಅಮ್ಮ ಒಳಗಿನಿಂದ ನೋಡಿ, ಪಾಪ ಬೆವರ್ತಿದಾನೆ ಅಂತ, ಸ್ಟೀಲ್ ಲೋಟದಲ್ಲಿ ಮಜ್ಜಿಗೆ ಹಾಕಿ "ಅಪ್ಪಂಗೆ ಕೊಟ್ಟು ಬಾ" ಅಂತ ಮಗಳ ಕೈಗೆ ಕೊಟ್ಟರು. ನನ್ನ ಕಿವಿಗೆ ಮಫ್. ಬೇಲಿ ಮೂಲೆಯಲ್ಲಿ ಸಿಕ್ಕಿಕೊಂಡು ಹಿಂದೆ ತೆಗೆಯುತ್ತಿದ್ದೆ. ಬ್ಲೇಡ್ ಆನ್ ಇರುವಾಗ ರಿವರ್ಸ್ ಹಾಕಿದರೆ ಬಹಳ ಗಾಡಿಗಳು ತಾವೇ ನಿಲ್ಲುತ್ತವೆ. ಆದರೆ ಒಂದು ಬಟನ್ ಒತ್ತಿದರೆ ಅಥವಾ ಕೀ ಬೇರೆ ಗುರುತಿಗೆ ತಿರುಗಿಸಿದರೆ ನಿಲ್ಲಲ್ಲ. ನಾನು ಬಟನ್ ಒತ್ತಿದ್ದೆ, ಹಿಂದೆ ನೋಡಿರಲಿಲ್ಲ. ಯಾಕೋ ಹುಲ್ಲಿನ ಮೇಲೆ ಒಂದು ಹೊಳಪು ಓಡಾಡಿದ ಹಾಗಾಯಿತು. ಲೋಟದ ಮೇಲೆ ಬಿದ್ದ ಬಿಸಿಲು ಅದು. ತಿರುಗಿದರೆ, ಚೆಲ್ಲಬಾರದು ಅಂತ ಎರಡೂ ಕೈಯಲ್ಲಿ ಲೋಟ ಹಿಡಿದು, ಲೋಟವನ್ನೇ ನೋಡುತ್ತಾ ಬರುತ್ತಿದ್ದಾಳೆ. ಐದಾರು ಅಡಿ. ಆ ದಿನ ಹುಲ್ಲು ಅರ್ಧಕ್ಕೇ ನಿಂತಿತು. ಅಮ್ಮನ ಮೇಲೆ ರೇಗಿದೆ, ಆಮೇಲೆ ಬೇಜಾರಾಯಿತು. ಅವರಿಗೆ ಹೇಳಿರಲಿಲ್ಲವಲ್ಲ, ತಪ್ಪು ನನ್ನದೇ.

ಮನೆಯವರಿಗೆಲ್ಲ, ಊರಿನಿಂದ ಬಂದ ಹಿರಿಯರಿಗೆ ಮೊದಲೇ ಹೇಳಿ: ಗಾಡಿ ಸದ್ದು ಕೇಳುವಷ್ಟು ಹೊತ್ತು ಮಕ್ಕಳು ಮನೆ ಒಳಗೆ, ಒಬ್ಬರು ದೊಡ್ಡವರ ಕಣ್ಣ ಮುಂದೆ. ನೀರು, ಮಜ್ಜಿಗೆ, ಫೋನ್ ಯಾವುದನ್ನೂ ಮಕ್ಕಳ ಕೈಲಿ ಕಳಿಸಬೇಡಿ. ಮಗು ಹೊರಗೆ ಕಂಡರೆ ಬ್ಲೇಡ್ ಆಫ್ ಮಾಡಿ, ಮುಂದೆಯೂ ಹೋಗಬೇಡಿ, ಹಿಂದೆಯೂ ಬರಬೇಡಿ. ರಿವರ್ಸ್ ಹೋಗಬೇಕಾದರೆ ಬ್ಲೇಡ್ ಆಫ್, ತಿರುಗಿ ಕೆಳಗೆ ನೋಡುವುದು, ಆಮೇಲೆ ಪೆಡಲ್. ಆ ಬಟನ್ ಇರುವುದನ್ನೇ ಮರೆತುಬಿಡಿ.

ದೊಡ್ಡ ಮಕ್ಕಳು "ನಾನು ಓಡಿಸ್ತೀನಿ" ಅಂದರೆ: ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಹೇಳುವುದು ರೈಡಿಂಗ್ ಮೋವರ್‌ಗೆ 16 ವರ್ಷ, ತಳ್ಳುವುದಕ್ಕೆ 12 ವರ್ಷ ಆಗಿರಬೇಕು ಅಂತ. ಕೂಟದ ಅಭಿಪ್ರಾಯವೂ ಅದೇ.

ಪೆಟ್ರೋಲ್

ಇಲ್ಲಿ ಗ್ಯಾಸ್ ಅಂದರೆ ಪೆಟ್ರೋಲ್, ಅಡುಗೆ ಗ್ಯಾಸ್ ಅಲ್ಲ. ಮೊದಲ ವಾರ ಎಲ್ಲರೂ ಗೊಂದಲ ಮಾಡಿಕೊಳ್ಳುತ್ತಾರೆ. 10 ಪರ್ಸೆಂಟ್ ಎಥನಾಲ್ ಇರುವ ಮಾಮೂಲಿ ಪೆಟ್ರೋಲ್ ಆಗುತ್ತದೆ. ಇ15, ಇ85 ಅಂತ ಬರೆದದ್ದು ಹಾಕಬೇಡಿ. ಕ್ಯಾನನ್ನು ಕಾರಿನ ಡಿಕ್ಕಿಯಲ್ಲಿಟ್ಟು ತುಂಬಿಸಬೇಡಿ, ನೆಲದ ಮೇಲಿಟ್ಟು ತುಂಬಿಸಿ. ಬಿಸಿ ಎಂಜಿನ್‌ಗೆ ಹೊಯ್ಯಬೇಡಿ. ಕ್ಯಾನ್ ಬೇಸ್‌ಮೆಂಟಿನಲ್ಲಿ ವಾಟರ್ ಹೀಟರ್ ಪಕ್ಕ ಇಡಬೇಡಿ.

ಪೆಟ್ರೋಲ್ ಹಳಸುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ತಿಂಗಳಾದರೆ ಕೆಡಲು ಶುರು. ಅಕ್ಟೋಬರ್‌ನಲ್ಲಿ ಉಳಿದದ್ದನ್ನು ಟ್ಯಾಂಕಿನಲ್ಲೇ ಬಿಟ್ಟಿದ್ದೆ. ಏಪ್ರಿಲ್‌ನಲ್ಲಿ ಕಾರ್ಬೊರೇಟರ್ ಅಂಟು ಅಂಟು. ರಿಪೇರಿ ಅಂಗಡಿಯಲ್ಲಿ ಮೂರು ವಾರ ಸರದಿ, 180 ಡಾಲರ್. ಅಷ್ಟರಲ್ಲಿ ಹುಲ್ಲು ಮೊಣಕಾಲಿಗೆ ಬಂದಿತ್ತು, ಪತ್ರನೂ ಬಂದಿತ್ತು. ಸಣ್ಣ ಕ್ಯಾನಿನಲ್ಲಿ ಬೇಕಾದಷ್ಟೇ ತನ್ನಿ. ಅದು ಬೇಗ ಹಳಸದ ಹಾಗೆ ತಡೆಯುವ ಫ್ಯೂಯಲ್ ಸ್ಟೆಬಿಲೈಸರನ್ನು ಪೆಟ್ರೋಲ್ ತಂದ ದಿನವೇ ಹಾಕಿ. ಚಳಿಗಾಲಕ್ಕೆ ಮುಂಚೆ ಅದನ್ನು ಹಾಕಿದ ಮೇಲೆ ಹತ್ತು ನಿಮಿಷ ಎಂಜಿನ್ ಓಡಿಸಿ.

ನಿರ್ವಹಣೆ

ಎಂಜಿನ್ ಆಯಿಲ್: ಪ್ರತಿ ಸಲ ನೋಡಿ. 50 ಗಂಟೆಗೆ ಅಥವಾ ವರ್ಷಕ್ಕೊಮ್ಮೆ ಬದಲಿಸಿ.
ಏರ್ ಫಿಲ್ಟರ್: 25 ಗಂಟೆಗೊಮ್ಮೆ ತೆಗೆದು ನೋಡಿ.
ಸ್ಪಾರ್ಕ್ ಪ್ಲಗ್: ವರ್ಷಕ್ಕೊಮ್ಮೆ.
ಟೈರಿನ ಗಾಳಿ: ಒಂದರಲ್ಲಿ ಕಮ್ಮಿ ಇದ್ದರೆ ಹುಲ್ಲು ಸೊಟ್ಟಗೆ ಕತ್ತರಿಸುತ್ತದೆ.
ಬ್ಯಾಟರಿ: ಬಿಚ್ಚುವಾಗ ಮೊದಲು ನೆಗೆಟಿವ್, ಹಾಕುವಾಗ ಕೊನೆಗೆ ನೆಗೆಟಿವ್.

ಗಂಟೆ ಲೆಕ್ಕಕ್ಕೆ ಗಾಡಿಯಲ್ಲೇ ಮೀಟರ್ ಇರುತ್ತದೆ. ಇಲ್ಲದಿದ್ದರೆ ಶೆಡ್ ಗೋಡೆ ಮೇಲೆ ಪೆನ್ಸಿಲ್‌ನಲ್ಲಿ ಬರೆಯಿರಿ.

ಕತ್ತರಿಸಿದ ಮೇಲೆ ಹುಲ್ಲಿನ ತುದಿ ಹರಿದ ಹಾಗೆ ಕಂದು ಕಂಡರೆ ಬ್ಲೇಡ್ ಮೊಂಡಾಗಿದೆ ಅಂತ. ಡೆಕ್ ಕೆಳಗೆ ಕೈ ಹಾಕುವ ಮುಂಚೆ ಕೀ ತೆಗೆದು ಜೇಬಿಗೆ, ಸ್ಪಾರ್ಕ್ ಪ್ಲಗ್ ವೈರ್ ಕಿತ್ತು ಪಕ್ಕಕ್ಕೆ. ಎರಡು ಸಿಲಿಂಡರ್ ಗಾಡಿಯಲ್ಲಿ ಎರಡು ವೈರ್ ಇರುತ್ತವೆ, ಎರಡನ್ನೂ. ಬರೀ ಕಾರಿನ ಜ್ಯಾಕ್ ಕೊಟ್ಟು ಕೆಳಗೆ ನುಗ್ಗಬೇಡಿ. ಬ್ಲೇಡ್ ತಿರುಗದ ಹಾಗೆ ಡೆಕ್ಕಿಗೂ ಅದಕ್ಕೂ ನಡುವೆ ಮರದ ತುಂಡು ಇಟ್ಟು ಬೋಲ್ಟ್ ಬಿಚ್ಚಿ. ದಪ್ಪ ಗ್ಲೌಸ್ ಇರಲಿ. ಅರ ಹಾಕಿದ ಮೇಲೆ ಗೋಡೆ ಮೊಳೆಗೆ ನಡುವಿನ ತೂತಿನಿಂದ ನೇತು ಹಾಕಿ. ಯಾವ ಕಡೆ ತೂಗಿ ಇಳಿಯುತ್ತದೋ ಆ ಕಡೆ ಇನ್ನಷ್ಟು ಅರ ಹಾಕಿ. ತಕ್ಕಡಿ ನೋಡಿದವರಿಗೆ ಇದು ಗೊತ್ತಿರುವ ವಿದ್ಯೆ.

ಕೆಲಸ ಮುಗಿದ ಕೂಡಲೇ ಶೆಡ್ಡಿಗೆ ನುಗ್ಗಿಸಬೇಡಿ. ಎಂಜಿನ್, ಸೈಲೆನ್ಸರ್ ಸುತ್ತ ಕೂತ ಒಣ ಹುಲ್ಲು ಬೆಂಕಿ ಹಿಡಿಯಬಹುದು. ಹೊರಗೇ ಆರಲಿ, ಆಮೇಲೆ ಹುಲ್ಲು ಊದಿ ತೆಗೆಯಿರಿ. ಚಳಿಗಾಲ ಮುಗಿದ ಮೇಲೆ ಎಂಜಿನ್ ಕವಚದೊಳಗೆ ಇಲಿ ಗೂಡು ಇದೆಯಾ ನೋಡಿ. ನಮ್ಮ ಗಾಡಿಯಲ್ಲಿ ಎರಡು ವರ್ಷ ಸಿಕ್ಕಿತು.

ಆಯುಧ ಪೂಜೆ

ನಮ್ಮ ಕೂಟದವರ ಗಾಡಿಗಳಿಗೆ ಕುಂಕುಮ, ಚೆಂಡು ಹೂವು ಏರಿದ್ದನ್ನು ನೋಡಲು ಅಕ್ಕಪಕ್ಕದ ಬಿಳಿಯರೂ ಬರುತ್ತಾರೆ. ಕಳೆದ ವರ್ಷ ಒಬ್ಬರು ತಮ್ಮ ಗಾಡಿಯನ್ನೂ ತಂದು ನಿಲ್ಲಿಸಿದರು. ಖುಷಿ ವಿಷಯ. ಆದರೆ ನಿಂಬೆಹಣ್ಣಿನ ಮೇಲೆ ಗಾಡಿ ಹತ್ತಿಸುವಾಗ ಬ್ಲೇಡ್ ಆಫ್ ಇರಲಿ, ಜನ ದೂರ ಇರಲಿ. ತೆಂಗಿನಕಾಯಿಯನ್ನು ಡ್ರೈವ್‌ವೇ ಮೇಲೆ ಒಡೆಯಿರಿ, ಹುಲ್ಲಿನ ಮೇಲೆ ಅಲ್ಲ. ಹುಲ್ಲಲ್ಲಿ ಉಳಿದ ಒಂದು ಚಿಪ್ಪು ಮುಂದಿನ ವಾರ ಬ್ಲೇಡಿಗೆ ಸಿಕ್ಕಿ ನಮ್ಮ ಗ್ಯಾರೇಜ್ ಬಾಗಿಲಿಗೆ ಬಡಿಯಿತು. ಆ ಗುಳಿ ಇನ್ನೂ ಇದೆ.

ಕೂಟದ ರ‍್ಯಾಂಪ್

ಬ್ಲೇಡ್ ಬಿಚ್ಚಲು ಮುಂದಿನ ಚಕ್ರ ಎತ್ತುವ ಒಂದು ಜೊತೆ ರ‍್ಯಾಂಪ್ ಕೂಟದ ಹತ್ತಿರ ಇದೆ. ಸದಸ್ಯರಿಗೆ ಉಚಿತ, ಎರಡು ದಿನಕ್ಕೆ. ಮೊದಲ ಸಲ ಆದರೆ ಒಬ್ಬ ಸ್ವಯಂಸೇವಕರು ಜೊತೆಗೆ ಬರುತ್ತಾರೆ, ಅವರಿಗೆ ಊಟ ಹಾಕಿ. ವಾಪಸ್ ಕೊಡುವಾಗ ತೊಳೆದು ಕೊಡಿ. ಹೋದ ಸಲ ಯಾರೋ ಮಣ್ಣು ಮೆತ್ತಿದ್ದನ್ನು ಹಾಗೇ ಬಾಗಿಲ ಮುಂದೆ ಇಟ್ಟು ಹೋಗಿದ್ದರು.